ಬೋಳಕ್ಷರದ ಆರು

ಹೊಳೆದಂಡೆಯ ಆ ಆಶ್ರಮದಲ್ಲಿ ಎರಡೇ ಕೆಲಸ. ಒಂದು ಕಡೆ ಮದ್ದು ಅರೆಯುವುದು, ಇನ್ನೊಂದು ಕಡೆ ಅಚ್ಚು ಹಾಕುವುದು. ಎರಡಕ್ಕೂ ಹಿರಿಯರು ಗುರು ನಿರ್ವಾಣಯ್ಯನವರು.

ಅಲ್ಲಿಯ ಅಚ್ಚಿನ ಅಕ್ಷರಕ್ಕೆ ಜನ ಬೋಳಕ್ಷರ ಎನ್ನುತ್ತಿದ್ದರು. ನಿರ್ವಾಣಯ್ಯನವರ ಗುರುಗಳು ಅದನ್ನು ಕೈಯಾರೆ ಕೊರೆದು ಸೀಸದಲ್ಲಿ ಎರೆದಿದ್ದರು. ದಪ್ಪ-ತೆಳುವಿನ ಬೆಡಗಿಲ್ಲ, ತುದಿಗೆ ಕುಚ್ಚಿಲ್ಲ. ಗೆರೆಯೆಲ್ಲ ಒಂದೇ ದಪ್ಪ. ಸುತ್ತಲ ಊರುಗಳ ಮದ್ದಿನ ಸೀಸೆಗಳ ಮೇಲೆಲ್ಲ ಅದೇ ಅಕ್ಷರ.

ಕಾಲ ಕಳೆದಂತೆ ಸೀಸದ ಅಚ್ಚುಮೊಳೆಗಳು ಸವೆದವು. ಎರೆಯಬಲ್ಲವರು ಯಾರೂ ಉಳಿಯಲಿಲ್ಲ.

ಶಿಷ್ಯೆ ಕುಮುದಿನಿ ಬಂದು ಹೇಳಿದಳು: "ಗುರುಗಳೇ, ಬೋಳಕ್ಷರವನ್ನು ನಾನು ಕಂಪ್ಯೂಟರಿಗೆ ತರುತ್ತೇನೆ. ಆಮೇಲೆ ಸವೆಯುವ ಮಾತೇ ಇಲ್ಲ."

"ಸರಿ ಮಗಳೇ, ತಾ," ಎಂದರು ಗುರುಗಳು. "ಇದ್ದ ಹಾಗೆ ತಾ."

ಅವಳು ಒಂದೊಂದೇ ಮೊಳೆಯ ಅಚ್ಚು ತೆಗೆದಳು. ತೆರೆಯ ಮೇಲೆ ಹಿಗ್ಗಿಸಿ ಗೆರೆ ಎಳೆದಳು. ಎಲ್ಲವೂ ಚೆನ್ನಾಗಿಯೇ ಬಂತು, ಕನ್ನಡದ ಆರು, ೬ ಎಂಬ ಅಂಕಿಯೊಂದನ್ನು ಬಿಟ್ಟು. ಅದರ ಬಾಲ ಸಾಲು ದಾಟಿ ಕೆಳಗೆ, ಮುರಿದ ಕೈಯಂತೆ ಚಾಚಿಕೊಂಡಿತ್ತು.

ಪಾಪ, ಇದನ್ನು ಕೊರೆದ ಮುದುಕರ ಕೈ ನಡುಗಿರಬೇಕು ಎಂದುಕೊಂಡಳು. ಬಾಲವನ್ನು ಮೊಟಕು ಮಾಡಿ, ಪಕ್ಕದ ಅಂಕಿಗಳಿಗೆ ಸರಿಯಾಗಿ ಒಳಕ್ಕೆ ಬಾಗಿಸಿದಳು. ಈಗ ಸಾಲು ಮುತ್ತು ಪೋಣಿಸಿದಂತೆ ಕಂಡಿತು.

ಹೊಸ ಅಕ್ಷರದ ಮೊದಲ ಚೀಟಿಗಳನ್ನು ಅಚ್ಚು ಹಾಕಿ, ಸೀಸೆಗಳಿಗೆ ಅಂಟಿಸಿ, ಬೆಳಗ್ಗೆ ಗುರುಗಳ ಮುಂದಿಟ್ಟಳು.

ಗುರುಗಳು ಒಂದು ಸೀಸೆ ಎತ್ತಿಕೊಂಡರು. ವತ್ಸನಾಭಿಯ ವಿಷ ಬೆರೆತ ಎದೆನೋವಿನ ಮದ್ದು. ಚೀಟಿಯನ್ನು ಕಣ್ಣ ಹತ್ತಿರ ತಂದು ಓದಿದರು. ಬಟ್ಟಲಿಗೆ ಹನಿ ಹಾಕತೊಡಗಿದರು.

"ನಾಲ್ಕು... ಐದು... ಆರು..."

ಕುಮುದಿನಿ ನಗುತ್ತ ನಿಂತಿದ್ದಳು.

"ಏಳು," ಎಂದರು ಗುರುಗಳು.

ಅವಳ ನಗು ಅಲ್ಲೇ ಸತ್ತಿತು.

"ಎಂಟು. ಒಂಬತ್ತು."

ಬಟ್ಟಲು ತುಟಿಗೆ ಹೋಯಿತು. ಕುಮುದಿನಿ ಹಾರಿ ಬಂದು ಗುರುಗಳ ಕೈಗೆ ಹೊಡೆದಳು. ಬಟ್ಟಲು ಕಂಬಕ್ಕೆ ಬಡಿದು ಚೂರಾಯಿತು.

ಗುರುವಿನ ಮೇಲೆ ಕೈ ಮಾಡಿದ್ದೇನೆ ಎಂಬ ಅರಿವು ಅವಳಿಗೆ ಆಮೇಲೆ ಬಂತು.

"ಆರು, ಗುರುಗಳೇ! ಅದು ಆರು! ಆರು ಮೀರಿದರೆ ಎದೆ ನಿಂತುಹೋಗುತ್ತದೆ!"

"ಹೌದೇ? ನನಗೆ ಒಂಬತ್ತು ಅಂತ ಕಂಡಿತು."

ಅವಳು ಸೀಸೆ ಕಿತ್ತುಕೊಂಡು ನೋಡಿದಳು. ಒಳಕ್ಕೆ ಬಾಗಿದ ಆ ಚಂದದ ಬಾಲ, ಬೆಳಗಿನ ಮಬ್ಬು ಬೆಳಕಿನಲ್ಲಿ, ಅವಳ ಕಣ್ಣಿಗೂ ಒಂಬತ್ತಾಗಿಯೇ ಕಂಡಿತು.

"ಮುದುಕರ ಕೈ ನಡುಗಿದೆ ಅಂದುಕೊಂಡೆ," ಎಂದಳು.

"ಅದನ್ನು ಕೊರೆದಾಗ ನನ್ನ ಗುರುಗಳಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ," ಎಂದರು ಗುರುಗಳು. "ಗಂಗವ್ವ ಅಂತ ಒಬ್ಬಳು ಮಗಳಿದ್ದಳು. ಜ್ವರ. ಪೇಟೆಯಿಂದ ತಂದ ಮದ್ದಿನ ಚೀಟಿಯಲ್ಲಿ ಬಳ್ಳಿಯಂಥ ಅಕ್ಷರ, ಬಲು ಚಂದ. ಆರನ್ನು ಒಂಬತ್ತು ಅಂತ ಓದಿ ತಾಯಿಯೇ ಕುಡಿಸಿದಳು."

ಕುಮುದಿನಿ ಕೈಯಲ್ಲಿದ್ದ ಸೀಸೆಯನ್ನು ಕೆಳಗಿಟ್ಟಳು.

"ಮಣ್ಣು ಮಾಡಿ ಬಂದವರು ಉಳಿ ಹಿಡಿದರು. ಮೊದಲು ಕೊರೆದದ್ದು ಆ ಆರನ್ನೇ. ಉಳಿದ ಅಕ್ಷರವೆಲ್ಲ ಅದರ ಹಿಂದೆ ಬಂದದ್ದು."

ಕುಮುದಿನಿ ಸೀಸೆಗಳ ಚೀಟಿಗಳನ್ನೆಲ್ಲ ಉಗುರಿನಿಂದ ಕೆರೆದು ತೆಗೆದಳು. ಕೊನೆಯದನ್ನು ಕಿತ್ತ ಮೇಲೆ, ತಡೆಯಲಾರದೆ ಕೇಳಿದಳು:

"ಗುರುಗಳೇ, ನಿಜ ಹೇಳಿ. ಕಣ್ಣು ಕಾಣದೆ ಹಾಗೆ ಓದಿದಿರೋ, ನನ್ನನ್ನು ಪರೀಕ್ಷೆ ಮಾಡಿದಿರೋ?"

ನಿರ್ವಾಣಯ್ಯನವರು ಬಟ್ಟಲಿನ ಚೂರುಗಳನ್ನು ಆರಿಸುತ್ತಿದ್ದರು.

"ಇಲ್ಲಿ ನೀನಿದ್ದೆ, ಕೈಗೆ ಹೊಡೆದೆ," ಎಂದರು. "ಈ ಸೀಸೆಗಳು ಹೋಗುವ ಮನೆಗಳಲ್ಲಿ ಯಾರಿದ್ದಾರೆ?"