ಕಡಲಹೂವಿಗೆ ಪಟ್ಟೆಪ್ಪ ಮಾಡಿದ ಉಪಚಾರ

ಮಕ್ಕಳೇ, ದಾವಣಗೆರೆಯ ಒಂದು ನಡುಮನೆಯಲ್ಲಿ ಕಡಲಿದೆ. ನಗಬೇಡಿ, ನಿಜವಾಗಿಯೂ ಇದೆ. ನಾಲ್ಕಡಿ ಉದ್ದದ ಗಾಜಿನ ತೊಟ್ಟಿ, ಒಳಗೆ ಹವಳದ ಕಲ್ಲು, ಅಲೆ ಎಬ್ಬಿಸಲು ಒಂದು ಪಂಪು. ಮನೆಯೊಡತಿ ಅಂಬುಜಾಕ್ಷಿ ಟೀಚರ್ ವಾರಕ್ಕೊಮ್ಮೆ ಬಕೆಟ್ಟಿನಲ್ಲಿ ಉಪ್ಪು ಕದಡಿ ನಮಗೆ ಹೊಸ ಕಡಲನ್ನು ಮಾಡಿಕೊಡುತ್ತಾರೆ.

ಆ ಕಡಲಿನಲ್ಲಿ ನಾವು ಮೂವರಿದ್ದೆವು. ಕಲ್ಲಿನ ಮೇಲಿನ ಪಾಚಿ ಕೆರೆದು ತಿನ್ನುವ ಬಸವನಹುಳು ನಿಂಗಕ್ಕ. ಎಲ್ಲಿ ತಿಂಡಿ ಬಿದ್ದರೂ ಅಲ್ಲಿ ಹಾಜರಾಗುವ ಸೀಗಡಿ ಮೀಸೆ ಮಾವ. ಮತ್ತೆ ನಾನು, ಪಟ್ಟೆಪ್ಪ. ಕಿತ್ತಳೆ ಮೈ, ಮೂರು ಬಿಳಿ ಪಟ್ಟೆ, ಹೆಬ್ಬೆರಳಷ್ಟು ಉದ್ದದ ಮೀನು. ಬುದ್ಧಿ ಎಷ್ಟುದ್ದ ಎಂದು ನಾನು ಹೇಳುವುದಿಲ್ಲ, ಕತೆ ಕೇಳಿ ನೀವೇ ಅಳೆದುಕೊಳ್ಳಿ.

ನಮ್ಮ ಜಾತಿಯ ಮೀನಿಗೆ ಮನೆ ಎಂದರೆ ಕಡಲಹೂವು. ಹೆಸರಷ್ಟೇ ಹೂವು, ಅದೂ ನಮ್ಮಂಥ ಒಂದು ಪ್ರಾಣಿ. ಕೆಳಗೆ ಕಲ್ಲಿಗೆ ಅಂಟಿಕೊಳ್ಳುವ ಒಂದೇ ಪಾದ, ಮೇಲೆ ನೂರಾರು ಮೆತ್ತನೆಯ ಬೆರಳು, ನಡುವೆ ಬಾಯಿ. ಗುರುತಿಲ್ಲದವರು ಮುಟ್ಟಿದರೆ ಆ ಬೆರಳುಗಳು ಚುರ್ರೆಂದು ಕುಟುಕುತ್ತವೆ. ಪರಿಚಯ ಬೆಳೆದ ಮೇಲೆ ನಮ್ಮನ್ನು ಮಾತ್ರ ಮಡಿಲಲ್ಲಿ ಮಲಗಿಸಿಕೊಳ್ಳುತ್ತವೆ. ನನಗೆ ಎರಡು ವರ್ಷದಿಂದ ಅಂಥ ಮಡಿಲಿರಲಿಲ್ಲ. ನೀರು ಬೆಚ್ಚಗಿಡುವ ಹೀಟರಿನ ಹಿಂದೆ ಒರಗಿ ಮಲಗುತ್ತಿದ್ದೆ. ಒಂಟಿತನ ತುಂಬಾ ಕಾಡುತ್ತಿತ್ತು. ಅದನ್ನು ಹೇಳಿಕೊಳ್ಳಲು ನಾಚಿಕೆಯಾಗಿ, ಬದಲಿಗೆ ಎಲ್ಲರಿಗೂ ಬುದ್ಧಿ ಹೇಳಿಕೊಂಡು ತಿರುಗುತ್ತಿದ್ದೆ.

ಒಂದು ಭಾನುವಾರ ಟೀಚರ್ ಪ್ಲಾಸ್ಟಿಕ್ ಚೀಲವೊಂದನ್ನು ತಂದು ನಮ್ಮ ನೀರಿನ ಮೇಲೆ ತೇಲಿಬಿಟ್ಟರು. ಒಳಗೆ ಒಂದು ಕಡಲಹೂವು! ನಮ್ಮ ನೀರನ್ನು ಚೀಲಕ್ಕೆ ತೊಟ್ಟು ತೊಟ್ಟಾಗಿ ಬಿಟ್ಟು, ಒಗ್ಗಿಸಿ, ಆಮೇಲೆ ದೀಪ ಮಂದ ಮಾಡಿದರು, ಪಂಪು ನಿಲ್ಲಿಸಿದರು. ಅವಳನ್ನು ಮೆಲ್ಲಗೆ ನಡುಗಲ್ಲಿನ ಮೇಲಿಟ್ಟರು.

"ಪಟ್ಟೆಪ್ಪ, ಗಲಾಟೆ ಮಾಡಬೇಡಪ್ಪ," ಎಂದರು ಗಾಜಿಗೆ ಬಾಗಿ. "ಅವಳ ಜಾಗ ಅವಳೇ ಹುಡುಕಿಕೊಳ್ಳಲಿ."

ನಾನು ತಲೆಯಾಡಿಸಿದೆ. ತಲೆಯಾಡಿಸುವುದರಲ್ಲಿ ನನ್ನನ್ನು ಮೀರಿಸುವವರು ಆ ತೊಟ್ಟಿಯಲ್ಲಿ ಯಾರೂ ಇಲ್ಲ.

ಟೀಚರ್ ಅತ್ತ ಹೋದದ್ದೇ ತಡ, ಒಂದು ಕಾಳು ತಿಂಡಿ ಕಚ್ಚಿಕೊಂಡು ಇತ್ತ ಬಂದೆ.

"ಅಮ್ಮಾ, ದೂರದಿಂದ ಬಂದಿದ್ದೀರಿ. ಒಂದು ಕಾಳು ತಗೊಳ್ಳಿ."

"ಬೇಡ ತಮ್ಮಾ," ಎಂದಳು ಕಡಲಹೂವು. "ದಾರಿಯ ಆಯಾಸ. ಸ್ವಲ್ಪ ಸುಮ್ಮನೆ ಇರ್ತೀನಿ."

ಇಲ್ಲಿ ನಾನೊಂದು ವಿಷಯ ಹೇಳಬೇಕು. ಉಪಚಾರವನ್ನು ನಾನು ಕಲಿತದ್ದು ಗಾಜಿನ ಈಚೆಯಿಂದ ಟೀಚರನ್ನು ನೋಡಿ. ಅವರ ಮನೆಗೆ ಬಂದವರು ಎಲೆಗೆ ಕೈ ಅಡ್ಡ ಹಿಡಿದು "ಸಾಕು, ಸಾಕು" ಎನ್ನುತ್ತಾರೆ. ಟೀಚರ್ ಬೆರಳ ಸಂದಿಯಲ್ಲೇ ಹೋಳಿಗೆ ಜಾರಿಸುತ್ತಾರೆ. ಎರಡು ಸಲ ಬೇಡ ಎಂದವರೇ ಮೂರನೆಯ ಸಲ ತುಪ್ಪ ಹಾಕಿಸಿಕೊಂಡು ತಿನ್ನುತ್ತಾರೆ! ಹಾಗಾಗಿ ಬೇಡ ಎಂದರೆ ಇನ್ನೂ ಎರಡು ಸಲ ಕೇಳು ಎಂದು ನಾನು ತಿಳಿದಿದ್ದೆ. ಅವರೆಲ್ಲ ಬಾಳೆಲೆಯ ಮುಂದೆ ಕೂತ ಮನುಷ್ಯರು, ಇವಳು ಈಗಷ್ಟೇ ಚೀಲದಿಂದ ಇಳಿದ ಕಡಲಹೂವು ಎಂಬ ವ್ಯತ್ಯಾಸ ನನ್ನ ತಲೆಗೆ ಹೊಳೆಯಲಿಲ್ಲ.

"ನಾಚಿಕೋಬೇಡಿ, ನಿಮ್ಮ ಮನೆ ಅಂದ್ಕೊಳ್ಳಿ," ಎನ್ನುತ್ತಾ ಕಾಳನ್ನು, ಬೆರಳು ತಗಲದ ಹಾಗೆ ಮೇಲಿನಿಂದ, ಅವಳ ಬಾಯಿಗೇ ತುರುಕಿದೆ. ಆಮೇಲೆ ಇನ್ನೊಂದು. ಮತ್ತೂ ಒಂದು.

ಅವಳು ಮೂರನ್ನೂ ಉಗುಳಿದಳು. ಮೀಸೆ ಮಾವ ಓಡಿ ಬಂದು ಮೂರನ್ನೂ ಮುಕ್ಕಿದ.

"ಹಾಕು, ಹಾಕು," ಎಂದು ನನ್ನನ್ನು ಹುರಿದುಂಬಿಸಿದ. "ಪಾಪ, ಎಷ್ಟು ಸಂಕೋಚ ನೋಡು ಅವಳಿಗೆ!"

ಕಲ್ಲು ಕೆರೆಯುತ್ತಿದ್ದ ನಿಂಗಕ್ಕ ತಲೆಯೆತ್ತಿದಳು. "ಏನೋ ಪಟ್ಟೆಪ್ಪ, ಅವಳು ಬೇಡ ಅಂತಾ ಇದ್ದಾಳಲ್ಲೋ."

"ನಿಂಗಕ್ಕಾ, ನಿನಗೆ ಮರ್ಯಾದೆಯ ವಿಷಯ ತಿಳಿಯೋದಿಲ್ಲ," ಎಂದೆ. ದಿನಕ್ಕೆ ಒಂದೂವರೆ ಅಡಿ ನಡೆಯುವವಳ ಮಾತನ್ನು ಯಾರು ಕೇಳುತ್ತಾರೆ!

ಸಂಜೆಯ ಹೊತ್ತಿಗೆ ಅವಳ ಪಾದ ಹೇಗೋ ಕಲ್ಲನ್ನು ಹಿಡಿದುಕೊಂಡಿತು. ಅಷ್ಟಕ್ಕೆ ಬಿಡಬಹುದಿತ್ತು. ಆದರೆ ಆ ಜಾಗ ನನಗೆ ಹಿಡಿಸಲಿಲ್ಲ. ಅವಳು ಮುಂದಿನ ಗಾಜಿನ ಪಕ್ಕ, ಸೋಫಾದ ಎದುರಿಗೇ ಇರಬೇಕೆಂದು ನಾನು ತೀರ್ಮಾನಿಸಿದ್ದೆ. ಬಂದವರೆಲ್ಲ ಅವಳನ್ನು ನೋಡಿ ಖುಷಿಪಡಲಿ ಎಂದು. ಸುಳ್ಳು, ಸುಳ್ಳು. ಅವಳ ಮಡಿಲಲ್ಲಿ ಕೂತ ನನ್ನನ್ನು ನೋಡಿ ಖುಷಿಪಡಲಿ ಎಂದು.

"ಅಮ್ಮಾ, ಸ್ವಲ್ಪ ಈಚೆ ಬನ್ನಿ. ಒಳ್ಳೆ ಬೆಳಕಿದೆ."

"ನನಗೆ ಅಷ್ಟು ಬೆಳಕು ಈಗಲೇ ಆಗೋದಿಲ್ಲ ತಮ್ಮಾ."

"ಅಭ್ಯಾಸ ಆಗುತ್ತೆ ಬನ್ನಿ," ಎಂದು ಅವಳ ಪಾದದ ಅಂಚನ್ನು ಮೂತಿಯಿಂದ ನೂಕಿದೆ. ಅಲುಗಲಿಲ್ಲ. ಮೆಲ್ಲಗೆ ಕಚ್ಚಿ ಎಳೆದೆ. ಅವಳು ಬೆರಳುಗಳನ್ನೆಲ್ಲ ಒಳಗೆಳೆದುಕೊಂಡು ಮುದುಡಿದಳು. ನನ್ನ ಆದರ ಕಂಡು ಅವಳಿಗೆ ಮಾತೇ ಹೊರಡುತ್ತಿಲ್ಲ ಎಂದುಕೊಂಡೆ. ಇಂಥ ಹೊತ್ತಿನಲ್ಲಿ ನನ್ನ ತಲೆ ಬಹಳ ಚುರುಕಾಗಿ ಕೆಲಸ ಮಾಡುತ್ತದೆ, ತಪ್ಪು ದಿಕ್ಕಿನಲ್ಲಿ.

ಮರುದಿನ ಬೆಳಿಗ್ಗೆ ಟೀಚರ್ ಬಂದು ನೋಡಿದರು. ಪಾದ ಅಂಟಿಕೊಂಡಿದೆ ಎಂದು ಸಮಾಧಾನಪಟ್ಟು, ಪಂಪು ಹಾಕಿ, ಟಿಫಿನ್ ಡಬ್ಬಿ ಕಟ್ಟಿಕೊಳ್ಳಲು ಒಳಗೆ ಹೋದರು. ಪಂಪು ಎಂದರೆ ನಮಗೆ ಅಲೆಯೂ ಹೌದು, ಯಮನೂ ಹೌದು. ಮುಂದಿನಿಂದ ನೀರು ಚಿಮ್ಮುತ್ತದೆ, ಹಿಂದಿನ ಜಾಲರಿ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಆ ಜಾಲರಿಯ ಹಿಂದೆ ರೆಕ್ಕೆ ಗಿರಗಿರ ತಿರುಗುತ್ತಿರುತ್ತದೆ. ಮೆತ್ತನೆಯ ಮೈಯವರು ಅಲ್ಲಿ ಸಿಕ್ಕಿದರೆ ಚೂರುಚೂರಾಗುತ್ತಾರೆ.

ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ನಾನು ಬಾಯಲ್ಲಿ ಕಾಳು ಹಿಡಿದು ಹೊರಟೆ.

"ಅಮ್ಮಾ, ಬೆಳಗಿನ ತಿಂಡಿ! ತಿಂದು ಆ ಜಾಗಕ್ಕೆ ಹೋಗೋಣ."

ಅವಳು ಬೆರಳುಗಳನ್ನು ಇನ್ನಷ್ಟು ಒಳಗೆಳೆದುಕೊಂಡಳು. ನಾನು ಪಾದ ಕಚ್ಚಿ ಎಳೆದೆ. ಎಷ್ಟೆಂದು ತಡೆದಾಳು? ಅವಳು ಹಿಡಿತ ಬಿಟ್ಟಳು. ಅಲೆ ಅವಳನ್ನು ಎತ್ತಿ, ಒಂದು ಸುತ್ತು ತಿರುಗಿಸಿ, ಪಂಪಿನ ಜಾಲರಿಯ ಕಡೆಗೆ ಒಯ್ಯತೊಡಗಿತು.

"ಅಯ್ಯೋ, ಪಟ್ಟೆಪ್ಪಾ!" ಎಂದು ನಿಂಗಕ್ಕ ಚೀರಿದಳು. ಮೀಸೆ ಮಾವ ಕಲ್ಲಿನ ಸಂದಿ ಸೇರಿಕೊಂಡ.

ಎರಡು ವರ್ಷ ಕಾದು ಕಾದು ಸಿಕ್ಕಿದವಳನ್ನು ನಾನೇ ಕೊಲ್ಲುತ್ತಿದ್ದೇನೆ! ಏನೂ ತೋಚದೆ ಮುಂದೆ ನುಗ್ಗಿ ಜಾಲರಿಗೆ ಅಡ್ಡ ನಿಂತೆ. ನಿಂತೆ ಎಂದರೆ ಶೂರನ ಹಾಗೆ ಕೇಳಿಸುತ್ತದೆ. ನಿಜಕ್ಕೂ ಆದದ್ದೇನೆಂದರೆ, ಪಂಪು ನನ್ನನ್ನು ಸರಕ್ಕನೆ ಎಳೆದು, ಗೋಡೆಗೆ ತಟ್ಟಿದ ಬೆರಣಿಯ ಹಾಗೆ ಜಾಲರಿಗೆ ಅಂಟಿಸಿಬಿಟ್ಟಿತು. ಮರುಕ್ಷಣ ಅವಳು ಬಂದು ನನ್ನ ಮುಖದ ಮೇಲೆಯೇ ಬಿದ್ದಳು. ನಮ್ಮಿಬ್ಬರಿಗೆ ಇನ್ನೂ ಪರಿಚಯ ಬೆಳೆದಿರಲಿಲ್ಲವಲ್ಲ, ನೂರು ಬೆರಳೂ ಒಟ್ಟಿಗೆ ಕುಟುಕಿದವು. ಉರಿ ಬಾಲದ ತುದಿಯವರೆಗೆ ಹೋಯಿತು. ಬಾಯಲ್ಲಿ ಆ ದರಿದ್ರ ಕಾಳು ಹಾಗೇ ಇತ್ತು, ಕೂಗಲೂ ಆಗಲಿಲ್ಲ.

ನಿಂಗಕ್ಕ ಗಾಜಿನ ಮೇಲಿದ್ದಳು. ತನ್ನ ಚಿಪ್ಪನ್ನು ಎತ್ತಿ ಎತ್ತಿ ಗಾಜಿಗೆ ಬಡಿದಳು. ಟಕ್! ಟಕ್! ಟಕ್! ಸದ್ದು ಕೇಳಿ ಟೀಚರ್ ಡಬ್ಬಿ ಬಿಟ್ಟು ಓಡಿ ಬಂದು ಸ್ವಿಚ್ ಆರಿಸಿದರು.

ಕಡಲಹೂವು ಉಳಿದಳು. ಎರಡು ಬೆರಳ ತುದಿ ಹರಿದಿತ್ತು, ಅಷ್ಟೇ. ನನ್ನ ಒಂದು ಕಡೆಯ ರೆಕ್ಕೆ ಬಾಚಣಿಗೆಯ ಹಾಗೆ ಸೀಳಿಹೋಗಿತ್ತು.

ಟೀಚರಿಗೆ ಎಲ್ಲ ಅರ್ಥವಾಯಿತು. ತೂತು ಕೊರೆದ ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ನನ್ನನ್ನು ಹಾಕಿ, ತೊಟ್ಟಿಯೊಳಗೆ ಮುಂದಿನ ಗಾಜಿಗೆ, ಸರಿಯಾಗಿ ಸೋಫಾದ ಎದುರಿಗೆ ನೇತುಹಾಕಿದರು. ಬಂದವರೆಲ್ಲ ನನ್ನನ್ನೇ ನೋಡಿದರು. "ಯಾಕ್ರೀ, ಇದಕ್ಕೇನು ಕಾಯಿಲೆನಾ?" ಎಂದು ಕೇಳಿದರು. "ಕಾಯಿಲೆ ಇಲ್ಲ, ಉಪಚಾರ ಜಾಸ್ತಿ," ಎಂದು ಟೀಚರ್ ನಕ್ಕರು.

ಡಬ್ಬಿಯಲ್ಲಿ ಕೂತು ನೋಡುವುದು ಬಿಟ್ಟು ನನಗೆ ಬೇರೆ ಕೆಲಸವಿರಲಿಲ್ಲ. ಅವಳು ದಿನಕ್ಕೆ ಎರಡು ಬೆರಳಷ್ಟು ಅಗಲ ಸರಿಯುತ್ತಿದ್ದಳು. ಒಂದು ಕಲ್ಲಿನ ಮೇಲೆ ನಿಂತು ನೋಡಿದಳು, ಸರಿಹೋಗಲಿಲ್ಲ. ಇನ್ನೊಂದರ ನೆರಳಿಗೆ ಹೋದಳು, ಅದೂ ಬೇಡವಾಯಿತು. ಒಂಬತ್ತನೆಯ ದಿನ ಎಡಮೂಲೆಯ ಬಿರುಕೊಂದರಲ್ಲಿ ಪಾದ ಇಳಿಸಿದಳು. ಅಲ್ಲಿ ಬೆಳಕು ಅರ್ಧ, ಅಲೆ ಹಿತ. ನಾನಾಗಿದ್ದರೆ ನೂರು ವರ್ಷ ಹುಡುಕಿದರೂ ಆ ಜಾಗ ಹಿಡಿಯುತ್ತಿರಲಿಲ್ಲ. ಅವಳು ಬೆರಳುಗಳನ್ನೆಲ್ಲ ಬಿಚ್ಚಿ ಅಗಲವಾಗಿ ಅರಳಿದಳು. ಎಷ್ಟು ಚೆಂದ ಇದ್ದಳು! ನೋಡುತ್ತಾ ನೋಡುತ್ತಾ ನನಗೆ ಅಳುವೇ ಬಂತು.

ಹದಿನೈದನೆಯ ದಿನ ಟೀಚರ್ ನನ್ನನ್ನು ಬಿಟ್ಟರು. ನಾನು ನೆಟ್ಟಗೆ ಹೀಟರಿನ ಹಿಂದಕ್ಕೆ ಹೋದೆ. ಅವಳಿಗೆ ಮುಖ ತೋರಿಸಲು ಧೈರ್ಯವಿರಲಿಲ್ಲ. ಒಂದು ವಾರ ಆ ಕಡೆ ಸುಳಿಯಲೂ ಇಲ್ಲ.

ಒಂದು ಮಧ್ಯಾಹ್ನ ಅವಳೇ ಕರೆದಳು. "ತಮ್ಮಾ."

ನಾನು ಒಂದು ಗೇಣು ದೂರದಲ್ಲಿ ನಿಂತೆ. "ಏನು ಬೇಕಮ್ಮಾ?"

"ಈಗ ಯಾಕೆ ಕಾಳು ತರೋದಿಲ್ಲ?"

"ನೀವು ಬೇಡ ಅಂದಿದ್ರಲ್ಲ."

"ಹೌದು, ಅಂದಿದ್ದೆ," ಎಂದಳು. "ಇವತ್ತು ಹಸಿವಾಗಿದೆ. ಒಂದು ಸಾಕು."

ನಾನು ಒಂದು ಕಾಳು ತಂದು ಅವಳ ಬೆರಳಿನ ಮೇಲಿಟ್ಟೆ. ಪಕ್ಕದಲ್ಲೇ ಇನ್ನೂ ಎರಡು ಬಿದ್ದಿದ್ದವು. ಬಾಯಿ ತುರಿಸಿತು. ಒಂದೇ ಒಂದು ಸಲ "ಇನ್ನೊಂದು?" ಎನ್ನಬೇಕೆಂದು ಜೀವ ಒದ್ದಾಡಿತು. ತುಟಿ ಬಿಗಿದು ನಿಂತೆ.

ಅವಳು ನಿಧಾನವಾಗಿ ತಿಂದಳು. ಆಮೇಲೆ ಅಂಚಿನ ಬೆರಳುಗಳನ್ನು ಸ್ವಲ್ಪ ಸರಿಸಿ, ನನ್ನ ಮೈಯಷ್ಟೇ ಜಾಗ ಮಾಡಿದಳು.

ನೀತಿ: ಬಂದವರಿಗೆ ಏನು ಬೇಕೆಂದು ಅವರನ್ನೇ ಕೇಳಬೇಕು, ಅವರು ಬೇಡ ಎಂದರೆ ಅದನ್ನು ನಂಬಬೇಕು.