ಉಳಿದುಹೋದ ಸ್ಕ್ರೂ ಮತ್ತು ಅರೆಮಲ್ಲ ರಾಜನ ಬಗ್ಗಿ ಗಾಡಿ

ಒಂದಾನೊಂದು ಊರಿನಲ್ಲಿ, ಅಂದರೆ ಆ ಊರು ಇನ್ನೂ ಒಂದೇ ಜಾಗದಲ್ಲಿ ಕೂತಿರುತ್ತಿದ್ದ ಕಾಲದಲ್ಲಿ, ದ್ಯಾವಕ್ಕ ಅಂತ ಒಬ್ಬಳಿದ್ದಳು. ಊರಿನ ಹೆಸರು ಕಂಬದಕೇರಿ. ದ್ಯಾವಕ್ಕನ ಕಸುಬು ರಿಪೇರಿ. ಸೀಮೆಎಣ್ಣೆ ಸ್ಟೌವು, ಕೊಡೆ, ಹೊಲಿಗೆ ಮಿಷನ್ನು, ಏನು ಕೆಟ್ಟರೂ ಅವಳ ಜಗಲಿಗೆ ಬರುತ್ತಿತ್ತು. ಅವಳು ಎಲೆಅಡಿಕೆ ಹಾಕಿಕೊಂಡು, ಕಾಲು ಚಾಚಿ ಕೂತು, ಏನನ್ನಾದರೂ ಬಿಚ್ಚಿದಳು ಅಂದರೆ ಸಂಜೆಯೊಳಗೆ ಜೋಡಿಸಿಯೇ ಏಳುತ್ತಿದ್ದಳು. ಅದಕ್ಕಿಂತ ದೊಡ್ಡ ಸುಖ ಇದೆ ಅಂತ ಯಾರಾದರೂ ಹೇಳಿದರೆ ಅವಳು ನಂಬುತ್ತಿರಲಿಲ್ಲ.

ಆ ಊರಿಗೊಬ್ಬ ರಾಜ. ಅರೆಮಲ್ಲ ರಾಜ. ಅವನಿಗೆ ಆನೆ ಬೇಡ, ಕುದುರೆ ಬೇಡ, ಯುದ್ಧ ಅಂದರೆ ಆಕಳಿಕೆ. ಬೇಕಾಗಿದ್ದು ಒಂದೇ ಒಂದು: ರಿಮೋಟಿನಲ್ಲಿ ಓಡುವ ಪುಟ್ಟ ಬಗ್ಗಿ ಗಾಡಿ. ಅದೂ ಹೊಸ ಮಾದರಿಯದಲ್ಲ. ಅವನು ಚಡ್ಡಿ ಹಾಕುತ್ತಿದ್ದ ಕಾಲದ ಮಾದರಿ. ಹಿಂದೆ ದಪ್ಪನೆಯ ಮುಳ್ಳು ಟೈರು, ಮುಂದೆ ಸಣ್ಣ ಟೈರು, ನಾಲ್ಕು ಮೂಲೆಗೂ ಸ್ಪ್ರಿಂಗು, ನಡುವೆ ಹೆಲ್ಮೆಟ್ ಹಾಕಿದ ಡ್ರೈವರ್ ಗೊಂಬೆ. ಗೊಂಬೆಗೆ ಸೊಂಟದಿಂದ ಮೇಲೆ ಮಾತ್ರ ಮೈ. ಕೆಳಗೆ ಏನೂ ಇಲ್ಲ. ಕೆಳಗಿನದು ಯಾರಿಗೂ ಕಾಣುವುದಿಲ್ಲವಲ್ಲ, ಅದಕ್ಕೆ.

ಆ ಗಾಡಿ ಜೋಡಿಸಿದ್ದು ಸಿಗುತ್ತಿರಲಿಲ್ಲ. ಪೆಟ್ಟಿಗೆಯೊಳಗೆ ಬಿಡಿಬಿಡಿಯಾಗಿ ಬರುತ್ತಿತ್ತು. ಎಲ್ಲಿಂದ ಬರುತ್ತಿತ್ತೋ ಪೇಟೆಯ ಅಂಗಡಿಯವನಿಗೂ ಗೊತ್ತಿಲ್ಲ. ಏನಾದರೂ ಬೇಕು ಅಂತ ಚೀಟಿ ಬರೆದು ಬಾಗಿಲಿಗೆ ಸಿಕ್ಕಿಸಿದರೆ ಮರುದಿನ ಅಂಗಡಿ ತೆಗೆಯುವಾಗ ಅದು ಹೊಸ್ತಿಲ ಮೇಲೆ ಇರುತ್ತಿತ್ತು. ಅಷ್ಟೇ.

ಪೆಟ್ಟಿಗೆ ಬಂದ ದಿನ ರಾಜ ದ್ಯಾವಕ್ಕನನ್ನು ಕರೆಸಿದ.

"ದ್ಯಾವಕ್ಕ, ನೀನು ಬಿಗಿಸು. ನಾನು ಪುಸ್ತಕ ನೋಡಿ ಹೇಳ್ತೀನಿ."

"ಆಗಲಿ ಬುದ್ಧಿ."

ಇಪ್ಪತ್ತೊಂದು ದಿನ ಅರಮನೆಯಲ್ಲಿ ಬೇರೆ ಕೆಲಸ ನಡೆಯಲಿಲ್ಲ. ದ್ಯಾವಕ್ಕ ಪುಟ್ಟ ಹಲ್ಲಿನ ಚಕ್ರಗಳಿಗೆ ಗ್ರೀಸ್ ಹಚ್ಚಿದಳು. ಸ್ಪ್ರಿಂಗಿನ ಕೊಳವೆಯೊಳಗೆ ಎಣ್ಣೆ ತುಂಬಿ, ಗುಳ್ಳೆಗಳೆಲ್ಲ ಮೇಲೆ ಬರುವ ತನಕ ಸುಮ್ಮನೆ ಕೂತಳು. ರಾಜನೂ ಅವಳ ಪಕ್ಕ ಚಕ್ಕಳಮಕ್ಕಳ ಹಾಕಿ ಗುಳ್ಳೆ ನೋಡುತ್ತ ಕೂತ. ಗಾಡಿಯ ಗಾಜಿನಂಥ ಮೈಗೆ ಒಳಗಡೆಯಿಂದ ಕೆಂಪು ಬಣ್ಣ ಬಳಿದರು. ಹೊರಗಡೆಯಿಂದ ನೋಡಿ ಇಬ್ಬರೂ ನಕ್ಕರು. ಗೊಂಬೆಗೆ ರಾಜ ತಾನೇ ಉಸಿರು ಬಿಗಿಹಿಡಿದು ಕಣ್ಣು ಬರೆದ. ಕಣ್ಣು ಬಂದ ಕೂಡಲೆ ಗೊಂಬೆ "ಅಬ್ಬಾ, ಎಷ್ಟು ಬೆಳಕು" ಅಂದಿತು.

ಕೊನೆಯ ಪುಟದಲ್ಲಿ 'ಮುಗಿಯಿತು' ಅಂತ ಬರೆದಿತ್ತು. ಆದರೆ ಚಾಪೆಯ ಮೇಲೆ ಒಂದು ಸ್ಕ್ರೂ ಉಳಿದಿತ್ತು.

ರಾಜನ ಮುಖ ಸಣ್ಣಗಾಯಿತು. "ಇದು ಯಾವುದರದ್ದು?"

"ಯಾವುದರದ್ದೂ ಅಲ್ಲ ಬುದ್ಧಿ. ಹೆಚ್ಚಿಗೆ ಬಂದಿದೆ," ಅಂದಳು ದ್ಯಾವಕ್ಕ.

ಆಗ ಸ್ಕ್ರೂ ಮಾತಾಡಿತು. "ನಾನು ಹೆಚ್ಚಿಗೆಯವನಾ?" ಅಂತ ಕೇಳಿ, ಚಾಪೆಯ ಮೇಲೆ ಉರುಳಾಡಿ ಅತ್ತಿತು.

ರಾಜ ಎದ್ದು ನಿಂತು ಘೋಷಣೆ ಮಾಡಿದ. "ನನ್ನ ರಾಜ್ಯದಲ್ಲಿ ಯಾರೂ ಹೆಚ್ಚಿಗೆಯವರಿಲ್ಲ! ಇವನಿಗೆ ಒಂದು ತೂತು ಆಗಲೇಬೇಕು."

"ಗಾಡಿಯ ತಳದ ಪಟ್ಟಿಗೆ ಒಂದು ತೂತು ಕೊರೆದುಬಿಡಲಾ?" ಅಂದಳು ದ್ಯಾವಕ್ಕ.

"ಅಯ್ಯೋ ಬೇಡ! ಇದು ಹಳೇ ಮಾದರಿ. ಹಳೇದಕ್ಕೆ ಹೊಸ ತೂತು ಬಿದ್ದರೆ ಅದು ಹಳೇದು ಹೇಗಾಗುತ್ತೆ? ಬೇಕಾದ್ರೆ ಏನಾದ್ರೂ ಹೊಸದಾಗಿ ಸೇರಿಸು. ಸೇರಿಸಿದ್ದನ್ನ ಬಿಚ್ಚಬಹುದು. ತೂತನ್ನ ಬಿಚ್ಚೋಕಾಗಲ್ಲ."

ಈ ಮಾತಿನಲ್ಲಿ ತಪ್ಪೇನೂ ದ್ಯಾವಕ್ಕನಿಗೆ ಕಾಣಲಿಲ್ಲ. ರಾಜ ಚೀಟಿ ಬರೆಸಿದ: ಐದು ತೂತಿನ ಬಂಪರ್ ಒಂದು, ಅದರ ಜೊತೆ ಸ್ಕ್ರೂ ನಾಲ್ಕೇ ನಾಲ್ಕು. ಐದನೇ ತೂತಿಗೆ ನಮ್ಮವನು ಇದ್ದಾನೆ.

ಮರುದಿನ ಬಂಪರ್ ಬಂತು. ದ್ಯಾವಕ್ಕ ಅಳುತ್ತಿದ್ದ ಸ್ಕ್ರೂವನ್ನು ಮೊದಲು ಬಿಗಿಸಿದಳು. ಅದು ನಕ್ಕಿತು. ಪೊಟ್ಟಣ ಬಿಚ್ಚಿ ಉಳಿದ ನಾಲ್ಕನ್ನು ಬಿಗಿಸಿದಳು. ಪೊಟ್ಟಣದಲ್ಲಿ ಇನ್ನೂ ಒಂದು ಇತ್ತು.

"ನಾನು ಹೆಚ್ಚಿಗೆಯವನಾ?" ಅಂತ ಅದು ಅಳತೊಡಗಿತು.

ಐದು ತೂತಿನ ಮಡ್‌ಗಾರ್ಡ್ ತರಿಸಿದರು, ಸ್ಕ್ರೂ ನಾಲ್ಕು ಅಂತ ದಪ್ಪ ಅಕ್ಷರದಲ್ಲಿ ಬರೆದು. ಬಂದದ್ದು ಐದು. ಒಂದು ಉಳಿಯಿತು, ಅತ್ತಿತು. ದೀಪ ಹಾಕಿಸಿದರು. ಒಂದು ಉಳಿಯಿತು, ಅತ್ತಿತು. ಗಾಡಿ ಮೊಲದಷ್ಟಿದ್ದದ್ದು ಕರುವಿನಷ್ಟಾಯಿತು, ಕರುವಿನಷ್ಟಿದ್ದದ್ದು ಎಮ್ಮೆಯಷ್ಟಾಯಿತು. ಭಾರ ತಡೆಯಲಾರದೆ ಮೋಟರು ಬಿಕ್ಕಳಿಸಿತು. ಅದನ್ನು ಬಿಚ್ಚಿ ಹಿಟ್ಟಿನ ಗಿರಣಿಯ ಮೋಟರು ಕೂರಿಸಿದರು. ಚಕ್ರ ಸಲೀಸಾಗಿ ತಿರುಗಲಿ ಅಂತ ಹಿತ್ತಾಳೆಯ ಬಳೆಯಂಥ ಬುಷ್ ತೆಗೆದು ಬೇರಿಂಗ್ ಹಾಕಿದರು, ಒಂದೊಂದೂ ರುಬ್ಬುಗುಂಡಿನಷ್ಟು.

ಈಗ ಗಾಡಿ ಅರಮನೆಯ ಬಾಗಿಲಿನಿಂದ ಹೊರಗೆ ಹೋಗದೆ ಸಿಕ್ಕಿಕೊಂಡಿತು. ಮಂತ್ರಿ ಗುರುಪಾದಯ್ಯ ತುಂಬ ಯೋಚನೆ ಮಾಡುವ ಮನುಷ್ಯ. ಅವರು ಗಡ್ಡ ಕೆರೆದುಕೊಂಡು ಹೇಳಿದರು:

"ಮಹಾಸ್ವಾಮಿ, ಬಾಗಿಲಿನಲ್ಲಿ ಗಾಡಿ ಸಿಕ್ಕಿಕೊಂಡಿದೆ ಅಂದ್ರೆ, ಗಾಡಿಗೆ ಬಾಗಿಲು ಸಿಕ್ಕಿಕೊಂಡಿದೆ ಅಂತಲೇ ಅರ್ಥ. ಹೇಗೂ ಸಿಕ್ಕಿಕೊಂಡಿದೆ. ಬಿಗಿಸಿಬಿಡೋಣ."

ಬಾಗಿಲನ್ನು ಗಾಡಿಗೆ ಬಿಗಿಸಿದರು. ಒಂದು ಉಳಿಯಿತು. ಬಾಗಿಲಿಗೆ ಅಂಟಿದ ಗೋಡೆಯನ್ನು ಬಿಗಿಸಿದರು. ಒಂದು ಉಳಿಯಿತು. ಗೋಡೆಗೆ ಅಂಟಿದ ಅರಮನೆ, ಅರಮನೆಗೆ ಅಂಟಿದ ಬೀದಿ, ಬೀದಿಗೆ ಅಂಟಿದ ಬೀದಿ. ಹೀಗೆ ಕಂಬದಕೇರಿ ಪೂರ್ತಿ ಗಾಡಿಯ ಮೇಲೆ ಬಂತು. ಮನೆಮನೆಯ ಟಾರ್ಚಿನ ಸೆಲ್ಲು ಕೂಡಿಸಿ ಬ್ಯಾಟರಿ ಮಾಡಿದರು. ಬಾವುಟದ ಕಂಬವೇ ಏರಿಯಲ್ ಆಯಿತು. ರಾಜ ಗೋಪುರ ಹತ್ತಿ ರಿಮೋಟಿನ ಕಡ್ಡಿಯನ್ನು ಒಂದು ಕೂದಲೆಳೆಯಷ್ಟು ಮುಂದಕ್ಕೆ ತಳ್ಳಿದ.

ಊರು 'ಗುರ್' ಅಂತ ಹೊರಟಿತು.

ಜನ ಬೈಯುತ್ತಾರೆ ಅಂತ ದ್ಯಾವಕ್ಕ ಹೆದರಿದ್ದಳು. ಯಾರೂ ಬೈಯಲಿಲ್ಲ. ನೀರಿಗೆ ಅಂತ ಹೆಂಗಸರು ಹೊಳೆಗೆ ನಡೆಯುವುದು ತಪ್ಪಿತು. ಊರೇ ಹೊಳೆಯ ಪಕ್ಕ ಬಂದು ನಿಲ್ಲುತ್ತಿತ್ತು. ದರ್ಜಿಗೆ ಬೆಳಕು ಸಾಲದೆ ಹೋದರೆ ಅವನು ಕಿಟಕಿಯಿಂದ ಕೂಗುತ್ತಿದ್ದ, ರಾಜ ಊರನ್ನು ಸ್ವಲ್ಪ ಎಡಕ್ಕೆ ತಿರುಗಿಸುತ್ತಿದ್ದ. ಸ್ಪ್ರಿಂಗು ಚೆನ್ನಾಗಿ ಕೂತಿದ್ದರಿಂದ ಹಳ್ಳದಿಣ್ಣೆಯಲ್ಲೂ ಹಾಲು ಚೆಲ್ಲುತ್ತಿರಲಿಲ್ಲ. ದ್ಯಾವಕ್ಕ ಜಗಲಿಯಲ್ಲಿ ಕಾಲು ಚಾಚಿ ಕೂತರೆ ಮುಂದೆ ಗುಡ್ಡಗಳು ಒಂದರ ಹಿಂದೊಂದು ಹಾದುಹೋಗುತ್ತಿದ್ದವು.

ಆದರೆ ಒಂದು ಸ್ಕ್ರೂ ಇನ್ನೂ ಉಳಿದಿತ್ತು. ಅದು ಅಳುತ್ತಲೇ ಇತ್ತು. ರಾಜ ಊಟ ಬಿಟ್ಟ.

"ದ್ಯಾವಕ್ಕ, ಇನ್ನು ಸೇರಿಸೋಕೆ ಏನೂ ಉಳಿದಿಲ್ಲ. ಇವನಿಗೆ ಜಾಗ ಹುಡುಕು. ಹೊಸದೇನೂ ಸೇರಿಸಬಾರದು, ಇರೋದೇನೂ ತೆಗೆಯಬಾರದು, ತೂತು ಕೊರೆಯಬಾರದು."

"ಅದು ಹೇಗೆ ಸಾಧ್ಯ ಬುದ್ಧಿ?"

"ಅದು ನಿನ್ನ ಕಸುಬು. ಶುಕ್ರವಾರದ ತನಕ ಸಮಯ. ಆಗಲಿಲ್ಲ ಅಂದ್ರೆ..." ರಾಜ ತಲೆ ತಗ್ಗಿಸಿದ. "ಗಾಡಿ ಇಷ್ಟು ದೊಡ್ಡದಾಗಿದೆ, ಗೊಂಬೆ ಅಷ್ಟೇ ಇದೆ. ದೊಡ್ಡ ಡ್ರೈವರ್ ಬೇಕು. ನಿನ್ನನ್ನೇ ಕೂರಿಸ್ತೀನಿ. ಈ ಸ್ಕ್ರೂನಲ್ಲೇ ಬಿಗಿಸ್ತೀನಿ."

"ಕೂತ್ಕೋತೀನಿ ಬಿಡಿ. ಅದಕ್ಕೇನಂತೆ."

"ಡ್ರೈವರಿಗೆ ಸೊಂಟದಿಂದ ಕೆಳಗೆ ಇರೋ ಹಾಗಿಲ್ಲ," ಅಂದರು ಮಂತ್ರಿ ಗುರುಪಾದಯ್ಯ ಮೆತ್ತಗೆ. "ಹಳೇ ಮಾದರಿ ನೋಡು."

ದ್ಯಾವಕ್ಕ ಮನೆಗೆ ಬಂದು ತನ್ನ ಎರಡೂ ಕಾಲನ್ನು ಚಾಚಿ ನೋಡಿದಳು. ಬಲಗಾಲಿನ ಹೆಬ್ಬೆರಳ ಉಗುರು ವಕ್ರ. ಎಡಗಾಲಿನಲ್ಲಿ ಸ್ಟೌವಿನ ಕಿಡಿ ಹಾರಿದ ಕಲೆ. ಐವತ್ತು ವರ್ಷ ಜೊತೆಗಿದ್ದ ಕಾಲು. ಚಾಚಿ ಕೂರಲು ಕಾಲೇ ಇಲ್ಲದ ಮೇಲೆ ಜಗಲಿ ಇದ್ದರೇನು, ಬಿಟ್ಟರೇನು? ಅವಳಿಗೆ ಅಳು ಬಂತು. ಕೈಯಲ್ಲಿದ್ದ ಸ್ಕ್ರೂ ಅವಳನ್ನು ನೋಡಿ ತನ್ನ ಅಳು ನಿಲ್ಲಿಸಿತು.

"ನನ್ನಿಂದಾನಾ?" ಅಂದಿತು.

"ನಿನ್ನಿಂದ ಅಲ್ಲ ಮಗ. ಲೆಕ್ಕದಿಂದ. ನಾಲ್ಕು ಅಂತ ಬರೆದರೆ ಐದು ಯಾಕೆ ಬರುತ್ತೆ?"

ಹಾಗೆ ಕೇಳಿದ ಮೇಲೆ ಅವಳ ಅಳು ತಾನೇ ನಿಂತಿತು. ಇಷ್ಟು ದಿನ ಎಲ್ಲರೂ ಸ್ಕ್ರೂ ಎಲ್ಲಿಗೆ ಹೋಗಬೇಕು ಅಂತ ಹುಡುಕಿದ್ದರು. ಅದು ಎಲ್ಲಿಂದ ಬಂತು ಅಂತ ಯಾರೂ ಕೇಳಿರಲಿಲ್ಲ. ಅವಳು ಸೀದಾ ಗೊಂಬೆಯ ಹತ್ತಿರ ಹೋದಳು.

"ಡ್ರೈವರಪ್ಪ, ನೀನು ಪೆಟ್ಟಿಗೆಯಲ್ಲಿ ಬಂದವನು. ನಿನ್ನನ್ನ ಪೆಟ್ಟಿಗೆಗೆ ಹಾಕಿದ್ದು ಯಾರು?"

"ನೋಡಿಲ್ಲ ದ್ಯಾವಕ್ಕ. ಆಗ ನನಗೆ ಕಣ್ಣೇ ಬರೆದಿರಲಿಲ್ಲ."

"ದಾರಿನಾದ್ರೂ ಗೊತ್ತಾ?"

"ಕಣ್ಣಿಲ್ಲದಾಗ ಬಂದ ದಾರಿ. ಕಣ್ಣು ಮುಚ್ಚಿದ್ರೆ ಗೊತ್ತಾಗುತ್ತೆ."

ದ್ಯಾವಕ್ಕ ತನ್ನ ಸೆರಗಿನ ತುದಿಯಿಂದ ಅವನ ಕಣ್ಣು ಕಟ್ಟಿದಳು. "ಆಹಾ, ಈಗ ಕಾಣಿಸ್ತು! ಪೂರ್ವಕ್ಕೆ ಹೋಗಬೇಕು," ಅಂದಿತು ಗೊಂಬೆ.

ರಾಜ ರಿಮೋಟು ಹಿಡಿದ. ಮಂತ್ರಿಗಳು ಅಡ್ಡ ಬಂದರು. "ಮಹಾಸ್ವಾಮಿ, ದಿನಗಳು ಬರೋದು ಪೂರ್ವದ ಕಡೆಯಿಂದ. ನಾವು ಪೂರ್ವಕ್ಕೆ ಓಡಿದ್ರೆ ಶುಕ್ರವಾರ ಬೇಗ ಎದುರಿಗೆ ಸಿಕ್ಕಿಬಿಡುತ್ತೆ. ದ್ಯಾವಕ್ಕನಿಗೆ ಅನ್ಯಾಯ ಆಗುತ್ತೆ."

ಎಲ್ಲರೂ ತಲೆ ಮೇಲೆ ಕೈ ಹೊತ್ತರು. ದ್ಯಾವಕ್ಕ ಹೇಳಿದಳು: "ಊರನ್ನ ಹಿಂದುಹಿಂದಕ್ಕೆ ಓಡಿಸಿ ಬುದ್ಧಿ. ಶುಕ್ರವಾರಕ್ಕೆ ನಮ್ಮ ಬೆನ್ನು ಮಾತ್ರ ಕಾಣುತ್ತೆ. ಬೆನ್ನು ನೋಡಿದ್ರೆ ಯಾರು ಅಂತ ಅದಕ್ಕೆ ಗುರುತು ಸಿಗಲ್ಲ."

ಹಾಗೇ ಮಾಡಿದರು. ಊರು ಬೆನ್ನು ಮುಂದೆ ಮಾಡಿಕೊಂಡು ಪೂರ್ವಕ್ಕೆ ಓಡಿತು. ಗುರುವಾರ ಮಧ್ಯಾಹ್ನ ಶುಕ್ರವಾರ ಎದುರಿಗೆ ಬಂತು. ಊರಿನ ಬೆನ್ನು ನೋಡಿತು, 'ಇದ್ಯಾವುದೋ ಬೇರೆ ಊರು' ಅಂದುಕೊಂಡು ಪಕ್ಕಕ್ಕೆ ಸರಿದು ಹೋಯಿತು.

"ಬಲಕ್ಕೆ. ಇಲ್ಲಿ ಹುರಿಗಡಲೆ ವಾಸನೆ ಬರಬೇಕು," ಅಂದಿತು ಗೊಂಬೆ. ವಾಸನೆ ಬಂತು. "ಇಲ್ಲಿ ಒಂದು ನಾಯಿ ಮೂರು ಸಲ ಬೊಗಳಬೇಕು." ಬೊಗಳಿತು. "ನಿಲ್ಲಿಸಿ!"

ಊರು ನಿಂತ ಕಡೆ ಒಂದು ಬಯಲು. ಬಯಲಿನ ನಡುವೆ ಒಂದು ಹೆಂಚಿನ ಮನೆ. ಜಗಲಿಯಲ್ಲಿ ಪೆಟ್ಟಿಗೆಗಳ ರಾಶಿ. ರಾಶಿಯ ಮಧ್ಯೆ ಒಬ್ಬಳು ಮುದುಕಿ, ರೇವಜ್ಜಿ ಅಂತ ಅವಳ ಹೆಸರು, ಸ್ಕ್ರೂ ಎಣಿಸಿ ಎಣಿಸಿ ಪೊಟ್ಟಣ ಕಟ್ಟುತ್ತಿದ್ದಳು.

ದ್ಯಾವಕ್ಕ ಇಳಿದು ಹೋಗಿ ಅವಳ ಪಕ್ಕ ಕೂತಳು. "ಏನಜ್ಜಿ, ಕೆಲಸ ಜೋರಾ?"

"ಜೋರೇ ಕಣವ್ವ. ಯಾವುದೋ ಕಂಬದಕೇರಿಯಂತೆ. ದಿನಾ ನಾಲ್ಕು ನಾಲ್ಕು ಅಂತ ತರಿಸ್ತಾರೆ. ಅಷ್ಟು ಸ್ಕ್ರೂ ತಗೊಂಡು ಏನು ಮಾಡ್ತಾರೋ, ಉಪ್ಪಿನಕಾಯಿ ಹಾಕ್ತಾರೋ?"

"ಒಂದು ಪೊಟ್ಟಣ ಕಟ್ಟು, ನೋಡ್ತೀನಿ."

ರೇವಜ್ಜಿ ಎಣಿಸಿದಳು. "ಒಂದು." ಒಂದು ಹಾಕಿದಳು. "ಎರಡು." ಒಂದು ಹಾಕಿದಳು. "ಮೂರು." ಎರಡು ಹಾಕಿದಳು. "ನಾಲ್ಕು." ಒಂದು ಹಾಕಿದಳು.

ದ್ಯಾವಕ್ಕ ಅವಳ ಮುಖವನ್ನೇ ನೋಡಿದಳು. ಅಜ್ಜಿಯ ಕನ್ನಡಕದ ಎಡಗಡೆಯ ಕಡ್ಡಿ ಜೋತಾಡುತ್ತಿತ್ತು. ದಾರದಲ್ಲಿ ಕಟ್ಟಿದ್ದಳು. ಮೂರು ಅನ್ನುವ ಹೊತ್ತಿಗೆ ಸರಿಯಾಗಿ ಕನ್ನಡಕ ಮೂಗಿನ ಮೇಲಿಂದ ಜಾರುತ್ತಿತ್ತು.

"ಅಜ್ಜಿ, ಕನ್ನಡಕಕ್ಕೆ ಏನಾಯ್ತು?"

"ಸ್ಕ್ರೂ ಬಿದ್ದುಹೋಗಿದೆ ಕಣೆ. ರಿಪೇರಿಗೆ ಕೊಡೋಣ ಅಂದ್ರೆ ಕಂಬದಕೇರಿಯವರ ಕಾಟದಲ್ಲಿ ಪುರುಸೊತ್ತಿಲ್ಲ."

ದ್ಯಾವಕ್ಕ ಮೆಲ್ಲಗೆ ಕನ್ನಡಕ ಬಿಚ್ಚಿ ಮಡಿಲಲ್ಲಿ ಇಟ್ಟುಕೊಂಡಳು. ತೂತು ಸಾಸಿವೆಯಷ್ಟಿತ್ತು. ಸ್ಕ್ರೂ ಕಡಲೆಯಷ್ಟಿತ್ತು. ಗೋಪುರದ ಮೇಲೆ ರಾಜ ಉಗುರು ಕಚ್ಚುತ್ತಿದ್ದ.

"ಮಗ, ಇಲ್ಲಿ ಕೂತ್ಕೋತೀಯಾ? ಸ್ವಲ್ಪ ಇಕ್ಕಟ್ಟು."

ಸ್ಕ್ರೂ ಬಗ್ಗಿ ನೋಡಿತು. "ಒಳಗೆ ಕತ್ತಲೆಯಾ?"

"ಇಲ್ಲ. ಅಜ್ಜಿ ನೋಡೋದೆಲ್ಲ ನಿನಗೂ ಕಾಣುತ್ತೆ."

ಸ್ಕ್ರೂ ಹೊಟ್ಟೆ ಒಳಗೆಳೆದುಕೊಂಡಿತು. ಉಸಿರು ಬಿಗಿಹಿಡಿಯಿತು. ದ್ಯಾವಕ್ಕ ಒಂದು ಸುತ್ತು ತಿರುಗಿಸಿದಳು. ಎರಡು ಸುತ್ತು. ಮೂರನೇ ಸುತ್ತಿಗೆ ಅದು ಕೂತಿತು. ಹೊಸದೇನೂ ಸೇರಲಿಲ್ಲ, ಅದು ಅಜ್ಜಿಯದೇ ತೂತು. ಇದ್ದದ್ದೇನೂ ಹೋಗಲಿಲ್ಲ. ಯಾರೂ ಏನೂ ಕೊರೆಯಲಿಲ್ಲ.

ರೇವಜ್ಜಿ ಕನ್ನಡಕ ಹಾಕಿಕೊಂಡು ತಲೆ ಎತ್ತಿದಳು. "ಅಯ್ಯೋ ಶಿವನೆ! ನನ್ನ ಮನೆ ಮುಂದೆ ಯಾರೇ ಊರು ತಂದು ನಿಲ್ಲಿಸಿದ್ದು?"

ರಾಜ ಗೋಪುರದಿಂದ ಓಡೋಡಿ ಇಳಿದು ಬಂದ. ಕನ್ನಡಕದ ಮೂಲೆಯಲ್ಲಿ ಮಿನುಗುತ್ತಿದ್ದ ಸ್ಕ್ರೂವನ್ನು ನೋಡಿ ಅವನ ಕಣ್ಣು ತುಂಬಿತು. ಆಮೇಲೆ ದ್ಯಾವಕ್ಕನ ಕಾಲು ನೋಡಿ ನಾಚಿಕೊಂಡ.

"ದ್ಯಾವಕ್ಕ, ಹಾಗೆ ಹೇಳಬಾರದಿತ್ತು. ಏನು ಬೇಕೋ ಕೇಳು."

"ಏನೂ ಬೇಡ ಬುದ್ಧಿ. ಸ್ವಲ್ಪ ನಡೆದಾಡಿಕೊಂಡು ಬರ್ತೀನಿ," ಅಂದಳು ಅವಳು. ಬಯಲಿನ ಸುತ್ತ ಮೂರು ಸುತ್ತು ಬರಿಗಾಲಲ್ಲಿ ನಡೆದಳು. ಹುಲ್ಲು ತಂಪಾಗಿತ್ತು.

ಅವಳು ವಾಪಸ್ಸು ಬಂದಾಗ ರಾಜ ಊರನ್ನು ಹೊರಡಿಸಬೇಕು ಅಂತ ಕಡ್ಡಿ ತಳ್ಳುತ್ತಿದ್ದ. ಊರು ಅಲ್ಲಾಡಲಿಲ್ಲ. ಇನ್ನೊಮ್ಮೆ ತಳ್ಳಿದ. ದೀಪ ಮಿಣಮಿಣ ಅಂದು ಆರಿತು. ಬ್ಯಾಟರಿ ಮುಗಿದಿತ್ತು.

ಅಷ್ಟರಲ್ಲಿ ರೇವಜ್ಜಿ ಹುರಿಗಡಲೆ, ಬೆಲ್ಲ ತಂದು ಜಗಲಿಯಲ್ಲಿಟ್ಟಳು. ಜನ ಇಳಿದು ಬಂದು ಕೂತರು. ಜಾಗವೂ ಚೆನ್ನಾಗಿದೆ, ಗಾಳಿಯೂ ಚೆನ್ನಾಗಿದೆ, ಇಲ್ಲೇ ಇದ್ದುಬಿಟ್ಟರೆ ಏನೀಗ ಅಂದರು. ರಾಜನೂ ಒಂದು ಹಿಡಿ ಕಡಲೆ ಬಾಯಿಗೆ ಹಾಕಿಕೊಂಡು, ರಾಶಿಯಿಂದ ಒಂದು ಪೆಟ್ಟಿಗೆ ಎತ್ತಿ ಅಲ್ಲಾಡಿಸಿ ನೋಡಿ, "ದ್ಯಾವಕ್ಕ, ಇದು ನೀಲಿ ಬಣ್ಣದ್ದಂತೆ. ಶುರು ಮಾಡೋಣವಾ?" ಅಂದ.

ಇದರ ನೀತಿ ಏನಪ್ಪಾ ಅಂದರೆ, ಊರು ಓಡಿಸುವ ಮೊದಲು ಬ್ಯಾಟರಿ ನೋಡಿಕೊಳ್ಳಬೇಕು. ನೋಡಿಕೊಳ್ಳದೆ ಇದ್ದರೂ ನಡೆಯುತ್ತೆ.

ಅವರು ಅಲ್ಲಿ ಕಡಲೆ ತಿನ್ನುತ್ತ ಕೂತರು, ನಾವು ಇಲ್ಲಿ ಬಾಯಿ ಬಿಟ್ಟುಕೊಂಡು ಕೂತಿದ್ದೇವೆ. ಏಳಿ, ಕೈ ತೊಳೆದುಕೊಳ್ಳಿ, ಊಟಕ್ಕೆ ಹೊತ್ತಾಯಿತು.