ಖಾಲಿ ತಟ್ಟೆಯ ಲೆಕ್ಕ

ಇದು ನಡೆದದ್ದು ಹಾಲುಬಂಡೆ ಊರಿಗೆ ಕರೆಂಟು ಬರುವುದಕ್ಕೆ ಮುಂಚೆ, ಮದುವೆಗೆಲ್ಲ ಗ್ಯಾಸ್‌ಲೈಟು ಬಾಡಿಗೆಗೆ ತರುತ್ತಿದ್ದ ಕಾಲದಲ್ಲಿ.

ಆಗ ಈ ಊರಿಗೆ ಅಂಬುಜಾಕ್ಷಿ ಅಂತ ಒಬ್ಬ ವಿಜ್ಞಾನಿ ಬಂದರಂತೆ. ಪಟ್ಟಣದ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುವವರು. ಅವರ ಕೈಲೊಂದು ಪೆಟ್ಟಿಗೆ. ಕಣ್ಣಿಗೆ ಕಾಣದ ವಿಕಿರಣ ಹತ್ತಿರವಿದ್ದರೆ ಅದು ಟಿಕ್ ಟಿಕ್ ಅನ್ನುತ್ತಿತ್ತು. ಅಂಬುಜಾಕ್ಷಮ್ಮ ಬಂಡೆಗೆ ಕಿವಿಯಿಟ್ಟರೆ ಬಂಡೆ ತನ್ನ ವಯಸ್ಸು ಹೇಳುತ್ತಿತ್ತು ಅಂತಾರೆ. ಸಾವಿರ ಲೇಖನ ಬರೆದಿದ್ದರು ಅಂತಾರೆ. ಬರೆದದ್ದು ನಲವತ್ಮೂರು. ಆದರೆ ಹೇಳುವವರ ಬಾಯಿ ಹಿಡಿಯುವವರು ಯಾರು?

ಗ್ಯಾಸ್‌ಲೈಟು ಬಾಡಿಗೆಗೆ ಕೊಡುವ ಬುಡನ್ ಸಾಬರು ತಮ್ಮ ಮನೆಯ ಒಳ್ಳೆ ಕೋಣೆಯನ್ನೇ ಅವರಿಗೆ ಬಿಟ್ಟುಕೊಟ್ಟರಂತೆ. ಅಮ್ಮ ಅಲ್ಲಿ ಬಾವಿಗಳ ನೀರು ತರಿಸಿ, ಕುದಿಸಿ ಇಂಗಿಸಿ, ತಳದಲ್ಲಿ ಉಳಿದದ್ದನ್ನು ತಟ್ಟೆಯಲ್ಲಿಟ್ಟು ಪೆಟ್ಟಿಗೆಯ ಕೆಳಗೆ ತಳ್ಳುವರು. ಕಿಟಕಿಯ ತುಂಬ ಹೆಂಗಸರು. ಒಬ್ಬಾಕೆ, “ಮೇಡಮ್ಮೋರೆ, ನಮ್ಮತ್ತೆ ಮ್ಯಾಲೂ ಒಂದ್ಸಾರಿ ಹಿಡೀರಿ, ದಿನಾ ಸಿಡೀತಾಳೆ” ಅಂದಳಂತೆ. ಅಮ್ಮನೂ ನಕ್ಕರಂತೆ.

ಯಾವ ಬಾವಿಯ ತಟ್ಟೆ ಇಟ್ಟರೂ ಪೆಟ್ಟಿಗೆ ಜೋರಾಗಿ ಟಿಕ್ ಟಿಕ್ ಅಂದಿತು. ಈ ಊರಿನ ನೀರಲ್ಲಿ ವಿಕಿರಣ ಬಹಳವಿದೆ ಅಂತ ಅಮ್ಮ ಲೇಖನ ಬರೆದರು. ದೂರದೇಶದ ವಿದ್ವಾಂಸರು ತಮ್ಮ ಬರಹಗಳಲ್ಲಿ ಅದನ್ನು ಉಲ್ಲೇಖಿಸಿದರು. ಹೊಸ ಉಲ್ಲೇಖ ಕಂಡಾಗಲೆಲ್ಲ ಅಮ್ಮ ಒಂದು ಕೊಬ್ಬರಿ ಮಿಠಾಯಿ ತಿನ್ನುತ್ತಿದ್ದರಂತೆ. ಆ ವರ್ಷ ಸ್ವಲ್ಪ ದಪ್ಪಗಾದರು ಅಂತಾರೆ.

ಆಮೇಲೆ ಬುಡನ್ ಸಾಬರ ಮಗಳು ಖೈರುನ್ನಿಸಾಳನ್ನು ನೋಡಲು ಗಂಡಿನ ಕಡೆಯವರು ಬಂದರು. ಹುಡುಗಿ ಒಪ್ಪಿಗೆಯಾದಳು. ಶರಬತ್ತು ಮಾತ್ರ ಯಾರೂ ಮುಟ್ಟಲಿಲ್ಲ, ಅಮ್ಮನ ಲೇಖನದ ಸುದ್ದಿ ಅವರ ಕಿವಿಗೂ ಬಿದ್ದಿತ್ತು. ಈ ನೀರು ಕುಡಿದು ಬೆಳೆದವಳು ನಾಳೆ ಎಂಥ ಮಕ್ಕಳನ್ನು ಹೆತ್ತಾಳು ಅಂತ ಎದ್ದು ಹೋದರು.

ಸಾಬರು ಬೈಯಲಿಲ್ಲ. ಒಂದು ಚೀಲ ಕಡಲೆಕಾಯಿ ಹೊತ್ತು ಕಾಲೇಜಿಗೆ ಹೋದರಂತೆ. “ಅಮ್ಮಾ, ಇನ್ನೊಂದ್ಸಾರಿ ನೋಡ್ತೀರಾ?” ಅಂದರಂತೆ.

ಅಮ್ಮ ಬಂದರು. ಅದೇ ಕೋಣೆ, ಅದೇ ಮೇಜು. ಈ ಸಲ ನೀರಿನ ತಟ್ಟೆ ಇಡುವ ಮೊದಲೇ ಪೆಟ್ಟಿಗೆ ಹಚ್ಚಿದರು. ಟಿಕ್ ಟಿಕ್. ಖಾಲಿ ತಟ್ಟೆ ಇಟ್ಟರು. ಅಷ್ಟೇ ಟಿಕ್ ಟಿಕ್. ಏನೂ ಇಲ್ಲದಾಗ ಪೆಟ್ಟಿಗೆ ಎಷ್ಟು ಎಣಿಸುತ್ತದೆ ಅಂತ ಅವರು ಕಾಲೇಜಿನಲ್ಲಿ ನೋಡಿಕೊಂಡು ಬಂದಿದ್ದರು, ಈ ಕೋಣೆಯಲ್ಲಿ ನೋಡಿರಲಿಲ್ಲ.

ಪೆಟ್ಟಿಗೆ ಹಿಡಿದು ಕೋಣೆಯೆಲ್ಲ ಸುತ್ತಿದರು. ಮೇಜಿನ ಹಿಂದೆ ಪರದೆಯ ಮರೆಗೆ ಬಂದಾಗ ಅದು ಜೋಳ ಹುರಿದ ಹಾಗೆ ಚಟಪಟ ಅಂದಿತು. ಅಲ್ಲಿ ಒಂದು ಟ್ರಂಕು. ಟ್ರಂಕಿನ ತುಂಬ ಗ್ಯಾಸ್‌ಲೈಟಿನ ಮ್ಯಾಂಟಲ್ಲುಗಳು, ದೀಪದೊಳಗೆ ಕಾದು ಬೆಳಗುವ ಬಟ್ಟೆಬಲೆಯ ಚೀಲಗಳು. ಬೆಳ್ಳಗೆ ಉರಿಯಲಿ ಅಂತ ಅವಕ್ಕೆ ಥೋರಿಯಂ ಹಚ್ಚುತ್ತಿದ್ದರು, ಅದು ವಿಕಿರಣ ಬಿಡುವ ವಸ್ತು. ಟ್ರಂಕನ್ನು ದೂರದ ಕೊಟ್ಟಿಗೆಗೆ ಸಾಗಿಸಿದರು. ಪೆಟ್ಟಿಗೆ ತಣ್ಣಗಾಯಿತು. ಬಾವಿಯ ತಟ್ಟೆಗೂ ಖಾಲಿ ತಟ್ಟೆಗೂ ಒಂದೇ ಎಣಿಕೆ.

“ನನ್ನ ಮ್ಯಾಂಟಲ್ಲಿನ ಕಿತಾಪತೀನಾ ಇದು?” ಅಂತ ಸಾಬರು ತಲೆ ಮೇಲೆ ಕೈ ಹೊತ್ತರು.

“ಮ್ಯಾಂಟಲ್ಲು ಅದರ ಕೆಲಸ ಮಾಡ್ತು ಸಾಬರೇ. ನಾನು ನನ್ನ ಕೆಲಸ ಮಾಡ್ಲಿಲ್ಲ” ಅಂದರಂತೆ ಅಮ್ಮ. ಮ್ಯಾಂಟಲ್ಲು ಮುಟ್ಟಿದ ಮೇಲೆ ಕೈ ತೊಳೆದುಕೊಳ್ಳಿ ಅಂತಲೂ ಹೇಳಿದರಂತೆ.

ಕಾಲೇಜಿನ ಹಿರಿಯರು ಬುದ್ಧಿ ಹೇಳಿದರು. ನಿನ್ನ ಹೆಸರು ನಿಂತಿರುವುದೇ ಆ ಲೇಖನದ ಮೇಲೆ, ಪ್ರೊಫೆಸರ್ ಹುದ್ದೆಯ ಸಂದರ್ಶನ ಹತ್ತಿರ ಬಂತು, ಅಲ್ಲಿಯವರೆಗಾದರೂ ಸುಮ್ಮನಿರು ಅಂದರು. ಅಮ್ಮ ಸುಮ್ಮನಿರಲಿಲ್ಲ. ಲೇಖನ ಅಚ್ಚಾಗಿದ್ದ ಪತ್ರಿಕೆಗೇ ಒಂದು ಪುಟದ ತಿದ್ದುಪಡಿ ಬರೆದರು. ಹುದ್ದೆ ಇನ್ನೊಬ್ಬರ ಪಾಲಾಯಿತು. ಅವತ್ತು ಪೆಟ್ಟಿಗೆ ಅತ್ತಿತು ಅಂತಾರೆ. ಬ್ಯಾಟರಿ ಸೋರಿತ್ತು, ಅಷ್ಟೇ.

ತಿದ್ದುಪಡಿ ಅಚ್ಚಾದ ಮೇಲೆ ಅಮ್ಮ ಹಾಲುಬಂಡೆಯ ನೀರು ಹೊತ್ತು ಗಂಡಿನ ಮನೆಗೇ ಹೋದರು. ನಡೆದದ್ದನ್ನು ಹೇಳಿ, ಎಲ್ಲರೆದುರು ಕುಡಿದರು. ಏಳು ಕೊಡ ಕುಡಿದರು ಅಂತಾರೆ. ಎರಡು ಲೋಟ. ಗಂಡಿನ ಅಜ್ಜಿ, “ತಪ್ಪು ಮಾಡ್ದೋಳೇ ಬಂದು ಒಪ್ಕೊಂಡ್ಲಲ್ಲ, ಕೊಡಮ್ಮ ಇತ್ಲಾಗೆ” ಅಂತ ಲೋಟಕ್ಕೆ ಕೈ ಚಾಚಿದಳಂತೆ. ಖೈರುನ್ನಿಸಾಳ ಮದುವೆಗೆ ಸಾಬರು ಇದ್ದಬದ್ದ ಗ್ಯಾಸ್‌ಲೈಟೆಲ್ಲ ಹಚ್ಚಿದರು. ಹಚ್ಚಿ ಕೈ ತೊಳೆದುಕೊಂಡರು.

ಇವತ್ತಿಗೂ ಹಾಲುಬಂಡೆಯ ಡೈರಿಯಲ್ಲಿ ಹಾಲು ಸುರಿಯುವ ಮೊದಲು ಖಾಲಿ ಕ್ಯಾನನ್ನು ತಕ್ಕಡಿಗಿಟ್ಟು ತೂಕ ಕೂಗುತ್ತಾರೆ. ಅದಕ್ಕೆ ಅಮ್ಮನ ಲೆಕ್ಕ ಅಂತ ಹೆಸರು. ಈ ಊರಿನಿಂದ ಓದಲು ಹೋದವರು ಯಾವ ಪ್ರಬಂಧ ಬರೆದರೂ ಅಮ್ಮನ ತಿದ್ದುಪಡಿಯನ್ನು ಎಲ್ಲಾದರೂ ಒಂದು ಕಡೆ ಉಲ್ಲೇಖಿಸುತ್ತಾರೆ. ರೇಷ್ಮೆಹುಳದ ಬಗ್ಗೆ ಬರೆದವನೂ ಸೇರಿಸಿದ್ದಾನೆ. ಶೇಂಗಾ ರೋಗದ ಬಗ್ಗೆ ಬರೆದವಳು, ಖೈರುನ್ನಿಸಾಳ ಮೊಮ್ಮಗಳು, ಅವಳೂ ಸೇರಿಸಿದ್ದಾಳೆ.

ಮೊದಲ ಲೇಖನಕ್ಕೆ ಈವರೆಗೆ ಬಂದ ಉಲ್ಲೇಖಗಳು ಆರುನೂರ ಹದಿನೆಂಟು. ತಿದ್ದುಪಡಿಗೆ ಬಂದದ್ದು ಹನ್ನೊಂದು. ಅದರಲ್ಲಿ ಹಾಲುಬಂಡೆಯವರದ್ದು ಒಂಬತ್ತು.